ಸಂಚಕಾರದ ಲೆಕ್ಕ

2025ರ ನವೆಂಬರ್ ತಿಂಗಳ ಮೊದಲ ಭಾನುವಾರ ನಮ್ಮ ತಂಗಿಯ ಮಗ ಬೆಂಗಳೂರಿನಿಂದ ಬಂದ. ಸಾಫ್ಟ್‌ವೇರ್ ಕೆಲಸದ ಹುಡುಗ. ಊಟ ಸರಿಯಾಗಿ ಮಾಡಲಿಲ್ಲ. ಚಹಾ ಕುಡಿಯುತ್ತ ಕುಳಿತಾಗ ಮೆಲ್ಲಗೆ ವಿಷಯ ತೆಗೆದ. ಅವನ ಅಪ್ಪ ನಿವೃತ್ತರಾದಾಗ ಬಂದ ಹಣದಲ್ಲಿ ನಾಲ್ಕು ಲಕ್ಷ ರೂಪಾಯಿ ಇವನ ಕೈಗೆ ಕೊಟ್ಟಿದ್ದರು. ಅದನ್ನು ಒತ್ತೆಯಿಟ್ಟು ಏಳು ತಿಂಗಳಿಂದ ಬಿಟ್‌ಕಾಯಿನ್ನಿನ ಆಪ್ಷನ್‌ಗಳನ್ನು ಮಾರುತ್ತಿದ್ದನಂತೆ. ತಿಂಗಳು ತಿಂಗಳೂ ಸಂಬಳದ ಹಾಗೆ ದುಡ್ಡು ಬರುತ್ತಿತ್ತು. ಅಕ್ಟೋಬರ್ 11ರ ಶನಿವಾರ ಬೆಳಗಿನ ಜಾವ, ಅವನು ನಿದ್ದೆಯಲ್ಲಿದ್ದಾಗ, ನಾಲ್ಕು ಲಕ್ಷದಲ್ಲಿ ಮೂರೂವರೆ ಲಕ್ಷ ಹೋಯಿತು.

"ಅಪ್ಪ ಹೇಳ್ತಾರೆ, ಇದು ಜೂಜು, ಹರಾಮಿನ ದುಡ್ಡು, ಅದಕ್ಕೇ ನಿಲ್ಲಲಿಲ್ಲ ಅಂತ. ಗೆಳೆಯರು ಹೇಳ್ತಾರೆ, ನಿನ್ನ ಲೆಕ್ಕ ಸರಿಯಾಗಿತ್ತು, ಅಳತೆ ಮೀರಿ ಮಾರಿದೆ ಅಷ್ಟೆ ಅಂತ. ಮಾಮಾ, ನೀವು ಕಥೆ ಬರೆಯೋರು. ನೀವೇನು ಹೇಳ್ತೀರಿ?"

ಆ ಹೊತ್ತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಎರಡು ಮಾತೂ ಅರ್ಧವೆನ್ನಿಸಿತು. ಅಪ್ಪ ಲೆಕ್ಕ ನೋಡದೆ ತೀರ್ಪು ಕೊಟ್ಟಿದ್ದರು. ಗೆಳೆಯರು ಬರೀ ಲೆಕ್ಕ ನೋಡಿ ಸುಮ್ಮನಾಗಿದ್ದರು. ನಾಳೆಯ ಅನಿಶ್ಚಿತತೆಗೆ ಇಂದು ಬೆಲೆ ಕಟ್ಟಿ ಮಾರುವುದು ಸರಿಯೇ? ಸರಿಯಾದರೆ ಎಲ್ಲಿಯವರೆಗೆ ಸರಿ? ಪ್ರಶ್ನೆ ಇದು. ಅಂದಿನಿಂದ ಕೈಗೆ ಸಿಕ್ಕಿದ್ದನ್ನು ಓದಿದೆವು, ತಿಳಿದವರನ್ನು ಕೇಳಿದೆವು. ಆದರೆ ಆ ಪ್ರಶ್ನೆಯ ಒಳಗೆ ಹೋಗಲು ನಮಗೆ ದಾರಿ ತೋರಿಸಿದ್ದು ಪುಸ್ತಕಗಳಿಗಿಂತ ಮೊದಲು ಒಂದು ಮಾವಿನ ತೋಪು.

ನಮ್ಮ ಅಬ್ಬಾ ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳನ್ನು ಗುತ್ತಿಗೆ ಹಿಡಿಯುತ್ತಿದ್ದರು. ಕೋಲಾರ ಸೀಮೆಯಲ್ಲಿ ಇದು ಹಳೆಯ ದಂಧೆ. ಮರ ಹೂ ಬಿಟ್ಟ ಕಾಲಕ್ಕೆ ತೋಪಿಗೆ ಹೋಗಿ ಮರ ಎಣಿಸಿ, ಹೂವಿನ ಗೊಂಚಲು ಮುಟ್ಟಿ ನೋಡಿ, ಫಸಲಿಗೆ ಬೆಲೆ ಕಟ್ಟುವುದು. ಕಾಯಿ ಇನ್ನೂ ಇಲ್ಲ. ಮಂಜು ಬಿದ್ದರೆ ಹೂ ಕರಗುತ್ತದೆ. ಜಿಗಿಹುಳು ಬಿದ್ದರೆ ಗೊಂಚಲು ಒಣಗುತ್ತದೆ. ಏಪ್ರಿಲಿನಲ್ಲಿ ಒಂದು ಆಲಿಕಲ್ಲು ಮಳೆ ಬಂದರೆ ಎಲ್ಲ ನೆಲದ ಪಾಲು. ಇಷ್ಟು ಗೊತ್ತಿದ್ದೂ ಅಬ್ಬಾ ಒಂದಷ್ಟು ಹಣವನ್ನು ತೋಪಿನ ಯಜಮಾನರ ಕೈಗಿಟ್ಟು ಬರುತ್ತಿದ್ದರು. ಉರ್ದುವಿನಲ್ಲಿ ಅದಕ್ಕೆ ಬಯಾನಾ ಎನ್ನುತ್ತಿದ್ದರು, ಕನ್ನಡದಲ್ಲಿ ಸಂಚಕಾರ.

ಈ ಸಂಚಕಾರ ಎಂಬ ಮಾತು ವಿಚಿತ್ರವಾದದ್ದು. ಮುಂಗಡ ಎಂಬುದು ಅದರ ಒಂದು ಅರ್ಥ. ಇನ್ನೊಂದು ಅರ್ಥ ಎಲ್ಲರಿಗೂ ಗೊತ್ತು: ಜೀವಕ್ಕೆ ಸಂಚಕಾರ ಬಂತು ಎಂದರೆ ಕುತ್ತು ಬಂತು ಎಂದು. ಕರಾರಿನ ದುಡ್ಡಿಗೂ ಅಪಾಯಕ್ಕೂ ಕನ್ನಡ ಒಂದೇ ಹೆಸರಿಟ್ಟಿದೆ. ಆಪ್ಷನ್ ಎಂಬ ಇಂದಿನ ವ್ಯವಹಾರವನ್ನು ವಿವರಿಸಲು ಇದಕ್ಕಿಂತ ಹತ್ತಿರದ ಮಾತು ನಮಗೆ ಸಿಕ್ಕಿಲ್ಲ.

ಆಪ್ಷನ್ ಎಂದರೆ ಇಷ್ಟೆ. ಒಂದು ವಸ್ತುವನ್ನು ಇಂಥ ದಿನ, ಇಂಥ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು. ಸಂಚಕಾರ ಕೊಟ್ಟವನಿಗೆ ಹಕ್ಕು, ಪಡೆದವನಿಗೆ ಬಾಧ್ಯತೆ. ಕೊಟ್ಟವನು ಬೇಡವೆನ್ನಿಸಿದರೆ ಸಂಚಕಾರ ಬಿಟ್ಟು ಹೋಗಬಹುದು. ಪಡೆದವನು ಮಾತು ನಡೆಸಲೇಬೇಕು. ನಮ್ಮ ಹುಡುಗ ಪಡೆಯುವ ಕಡೆಯವನು. ಬಿಟ್‌ಕಾಯಿನ್ 1,20,000 ಡಾಲರಿನ ಮೇಲಿದ್ದಾಗ ಅವನು ಕೊಟ್ಟಿದ್ದ ಮಾತು ಇದು: "ಅಕ್ಟೋಬರ್ 31ಕ್ಕೆ ಬೆಲೆ ಎಷ್ಟೇ ಕುಸಿದಿರಲಿ, ನಾನು 1,05,000 ಡಾಲರಿನ ಲೆಕ್ಕದಲ್ಲಿ ನಷ್ಟ ತುಂಬಿಕೊಡುತ್ತೇನೆ." ಹಾಗೆ ನೋಡಿದರೆ ಅವನು ಮಾರುತ್ತಿದ್ದುದು ಒಂದು ರೀತಿಯ ವಿಮೆಯನ್ನು.

ಮಾತು ಹೊಸದೇನಲ್ಲ. ಗ್ರೀಸಿನ ತತ್ತ್ವಜ್ಞಾನಿ ಥೇಲೀಸನ ಕಥೆಯನ್ನು ಅರಿಸ್ಟಾಟಲ್ ತನ್ನ 'ಪಾಲಿಟಿಕ್ಸ್' ಗ್ರಂಥದಲ್ಲಿ ಹೇಳಿದ್ದಾನೆ. ಥೇಲೀಸ್ ಚಳಿಗಾಲದಲ್ಲೇ ಮಿಲೇಟಸ್ ಮತ್ತು ಕಿಯೋಸಿನ ಆಲಿವ್ ಗಾಣಗಳಿಗೆಲ್ಲ ಸ್ವಲ್ಪ ಸ್ವಲ್ಪ ಸಂಚಕಾರ ಕೊಟ್ಟಿಟ್ಟ. ಆಗ ಪೈಪೋಟಿ ಮಾಡುವವರು ಇರಲಿಲ್ಲ. ಸುಗ್ಗಿಯಲ್ಲಿ ಫಸಲು ಚೆನ್ನಾಗಿ ಬಂತು, ಎಲ್ಲರಿಗೂ ಗಾಣ ಬೇಕಾಯಿತು, ಥೇಲೀಸ್ ತಾನು ಹೇಳಿದ ಬಾಡಿಗೆಗೆ ಗಾಣ ಕೊಟ್ಟ. ಆದರೆ ಆ ಸಂಚಕಾರ ನ್ಯಾಯವಾಗಿ ಎಷ್ಟಿರಬೇಕಿತ್ತು? ಈ ಪ್ರಶ್ನೆಗೆ ಒಂದು ಲೆಕ್ಕದ ಉತ್ತರ ಸಿಗಲು ಎರಡೂವರೆ ಸಾವಿರ ವರ್ಷ ಬೇಕಾಯಿತು. 1900ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಬಶೆಲಿಯೆ ಎಂಬ ವಿದ್ಯಾರ್ಥಿ, ಬೆಲೆಗಳು ಗೊತ್ತುಗುರಿಯಿಲ್ಲದೆ ಓಲಾಡುತ್ತವೆ ಎಂದು ಹಿಡಿದು ಗಣಿತ ಮಾಡಿದ. 1973ರಲ್ಲಿ ಅಮೆರಿಕದ ಫಿಶರ್ ಬ್ಲ್ಯಾಕ್, ಮೈರನ್ ಶೋಲ್ಸ್ ಮತ್ತು ರಾಬರ್ಟ್ ಮರ್ಟನ್ ಅದಕ್ಕೊಂದು ಸೂತ್ರ ಕೊಟ್ಟರು. ಅದೇ ವರ್ಷ ಏಪ್ರಿಲಿನಲ್ಲಿ ಶಿಕಾಗೋದಲ್ಲಿ ಆಪ್ಷನ್‌ಗಳದ್ದೇ ಮಾರುಕಟ್ಟೆ ತೆರೆಯಿತು.

ಸೂತ್ರಕ್ಕಿಂತ ಅದರ ಹಿಂದಿನ ಯೋಚನೆ ಮುಖ್ಯ. ಬೆಲೆ ಮೇಲೆ ಹೋಗುತ್ತದೋ ಕೆಳಗೆ ಬರುತ್ತದೋ ಎಂದು ಭವಿಷ್ಯ ಹೇಳುವ ಅಗತ್ಯವೇ ಇಲ್ಲ ಎಂದರು ಅವರು. ಮಾತು ಕೊಟ್ಟವನು ಸುಮ್ಮನೆ ಕೂರದೆ, ಬೆಲೆ ಏರಿದಂತೆಲ್ಲ ಆ ವಸ್ತುವನ್ನು ಸ್ವಲ್ಪ ಕೊಳ್ಳುತ್ತ, ಇಳಿದಂತೆಲ್ಲ ಸ್ವಲ್ಪ ಮಾರುತ್ತ ಹೋದರೆ ಅವನ ಬಾಧ್ಯತೆಗೆ ಸರಿಸಮನಾಗಿ ಇನ್ನೊಂದು ಕಡೆ ಆಸರೆ ನಿಲ್ಲುತ್ತದೆ. ಇದಕ್ಕೆ ಹೆಡ್ಜಿಂಗ್ ಎಂದು ಹೆಸರು. ಹೆಡ್ಜ್ ಎಂದರೆ ಬೇಲಿ. ಏರಿದಾಗ ಕೊಂಡು ಇಳಿದಾಗ ಮಾರುವುದೆಂದರೆ ಪ್ರತಿ ಸಲವೂ ಚೂರು ನಷ್ಟವೇ. ಆ ಚೂರು ನಷ್ಟಗಳ ಮೊತ್ತವೇ ಬೇಲಿಯ ಖರ್ಚು. ಬೇಲಿಯ ಖರ್ಚೇ ನ್ಯಾಯವಾದ ಸಂಚಕಾರ.

ಇದನ್ನು ತಿಳಿದಾಗ ನಮಗೆ ಸಂತೋಷವೇ ಆಯಿತು. ಇಲ್ಲಿ ಜೂಜಿಲ್ಲ. ಹೊಲಿಗೆಯವನು ಬಟ್ಟೆಯ ಬೆಲೆ, ದಾರದ ಬೆಲೆ, ಕೂಲಿ ಕೂಡಿಸಿ ಹೇಳುವ ಹಾಗೆ, ಮಾತು ಮಾರುವವನು ಮಾತು ಉಳಿಸಿಕೊಳ್ಳಲು ತಗಲುವ ಖರ್ಚು ಹೇಳುತ್ತಾನೆ. ಆದರೆ ಖರ್ಚು ಮೊದಲೇ ತಿಳಿಯಬೇಕಾದರೆ ಒಂದು ಸಂಗತಿ ಗೊತ್ತಿರಬೇಕು: ಬೆಲೆ ಮುಂದೆ ಎಷ್ಟು ಓಲಾಡುತ್ತದೆ? ಇದಕ್ಕೆ ಚಂಚಲತೆ ಎನ್ನೋಣ. ಒಂದು ಬಿಟ್‌ಕಾಯಿನ್ 1,00,000 ಡಾಲರ್ ಇದೆ ಎಂದುಕೊಳ್ಳಿ. ಅದೇ ಬೆಲೆಗೆ ಒಂದು ತಿಂಗಳ ಆಪ್ಷನ್ ಬೇಕು. ಚಂಚಲತೆ ವರ್ಷಕ್ಕೆ ಶೇ. 50 ಎಂದರೆ ಸಂಚಕಾರ ಸುಮಾರು 5,750 ಡಾಲರ್. ಶೇ. 100 ಎಂದರೆ ಸುಮಾರು 11,500. ಬಿಟ್‌ಕಾಯಿನ್ನಿನ ಬೆಲೆ ಒಂದು ಡಾಲರ್ ಕೂಡ ಅಲುಗಿಲ್ಲ, ಆದರೆ ಭಯ ಇಮ್ಮಡಿಯಾಯಿತು, ಸಂಚಕಾರವೂ ಇಮ್ಮಡಿಯಾಯಿತು. ಆಪ್ಷನ್ ಮಾರುಕಟ್ಟೆಯಲ್ಲಿ ವ್ಯಾಪಾರವಾಗುವುದು ವಸ್ತುವಿಗಿಂತ ಹೆಚ್ಚಾಗಿ ಈ ಭಯವೇ.

1973ರ ಸೂತ್ರ ಈ ಚಂಚಲತೆ ಬದಲಾಗುವುದಿಲ್ಲ ಎಂದು ಹಿಡಿದಿತ್ತು. ಬೆಲೆ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತದೆ, ನೆಗೆಯುವುದಿಲ್ಲ ಎಂದೂ ಹಿಡಿದಿತ್ತು. ಎರಡೂ ನಿಜವಲ್ಲ ಎಂದು ಆಗಲೇ ತಿಳಿದಿತ್ತು. ಹತ್ತಿಯ ಬೆಲೆಗಳನ್ನು ನೋಡಿದ ಬೆನುವಾ ಮ್ಯಾಂಡೆಲ್‌ಬ್ರಾಟ್, ದೊಡ್ಡ ಏರಿಳಿತದ ಬೆನ್ನಿಗೆ ದೊಡ್ಡ ಏರಿಳಿತವೇ ಬರುತ್ತದೆ ಎಂದು 1963ರಲ್ಲೇ ಬರೆದಿದ್ದರು. ಬಿರುಗಾಳಿಯ ಮಾರನೆಯ ದಿನ ಗಾಳಿ ಪೂರ್ತಿ ನಿಲ್ಲುವುದಿಲ್ಲ ಎಂಬುದು ತೋಪಿನ ಕಾವಲುಗಾರನಿಗೂ ಗೊತ್ತು. ಮರ್ಟನ್ 1976ರಲ್ಲಿ ಬೆಲೆಯ ನೆಗೆತಗಳನ್ನು ಲೆಕ್ಕಕ್ಕೆ ತಂದರು. ರಾಬರ್ಟ್ ಎಂಗಲ್ 1982ರಲ್ಲಿ ಬದಲಾಗುವ ಚಂಚಲತೆಯನ್ನು ಅಳೆಯುವ ದಾರಿ ತೋರಿಸಿದರು, ಅದಕ್ಕಾಗಿ 2003ರಲ್ಲಿ ಅವರಿಗೆ ನೊಬೆಲ್ ಬಂತು. ಸ್ಟೀವನ್ ಹೆಸ್ಟನ್ 1993ರಲ್ಲಿ ಚಂಚಲತೆಯೇ ಓಲಾಡುವ ಸೂತ್ರ ಕೊಟ್ಟರು.

ಈ ನಡುವೆ 1987ರ ಅಕ್ಟೋಬರ್ 19 ಬಂತು. ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ. 22.6ರಷ್ಟು ಕುಸಿಯಿತು. ಬೆಲೆ ಇಳಿದಂತೆಲ್ಲ ಮಾರು ಎಂಬ ಬೇಲಿಯ ನಿಯಮವನ್ನು ದೊಡ್ಡ ದೊಡ್ಡ ನಿಧಿಗಳು ಒಟ್ಟಿಗೇ ಪಾಲಿಸಿದ್ದು ಆ ಕುಸಿತವನ್ನು ಆಳ ಮಾಡಿತು. ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದ್ದರು. ಆ ದಿನದ ನಂತರ ವ್ಯಾಪಾರಿಗಳು ದೊಡ್ಡ ಕುಸಿತದ ವಿಮೆಗೆ ಸೂತ್ರ ಹೇಳಿದ್ದಕ್ಕಿಂತ ಹೆಚ್ಚು ಸಂಚಕಾರ ಕೇಳತೊಡಗಿದರು. ನಕ್ಷೆಯಲ್ಲಿ ಅದು ಬಾಗಿದ ಗೆರೆಯಾಗಿ ಕಾಣುತ್ತದೆ. ಅದಕ್ಕೆ ಅವರಿಟ್ಟ ಹೆಸರು ಮುಗುಳ್ನಗೆ. ನಮಗೇನೋ ಅದು ಗಾಯದ ಕಲೆಯಂತೆ ಕಾಣುತ್ತದೆ.

ಷೇರಿನ ಹಿಂದೆ ಒಂದು ಕಂಪನಿಯಾದರೂ ಇದೆ. ಮಾವಿನ ಹಿಂದೆ ಮರವಿದೆ. ಬಿಟ್‌ಕಾಯಿನ್ನಿನ ಹಿಂದೆ ಏನಿದೆ? 2009ರ ಜನವರಿಯಲ್ಲಿ ಶುರುವಾದ ಈ ನಾಣ್ಯ ಫಸಲು ಕೊಡುವುದಿಲ್ಲ, ಬಾಡಿಗೆ ಕೊಡುವುದಿಲ್ಲ. 2010ರ ಮೇ 22ರಂದು ಅಮೆರಿಕದಲ್ಲಿ ಒಬ್ಬರು ಎರಡು ಪಿಜ್ಜಾಕ್ಕೆ 10,000 ಬಿಟ್‌ಕಾಯಿನ್ ಕೊಟ್ಟರು. 2021ರ ನವೆಂಬರಿನಲ್ಲಿ ಒಂದಕ್ಕೇ ಸುಮಾರು 69,000 ಡಾಲರ್ ಆಯಿತು. ಒಂದು ವರ್ಷ ಕಳೆದು, ಎಫ್‌ಟಿಎಕ್ಸ್ ಎಂಬ ವಿನಿಮಯ ಕೇಂದ್ರ ದಿವಾಳಿಯೆದ್ದಾಗ, 16,000ಕ್ಕೆ ಬಂತು. 2025ರ ಅಕ್ಟೋಬರ್ ಮೊದಲ ವಾರ 1,26,000ಕ್ಕೆ ಏರಿತು. ಇಷ್ಟೇ ಬೆಲೆ ಎಂದು ಎಳೆದು ನಿಲ್ಲಿಸುವ ಬೇರು ಕೆಳಗಿಲ್ಲದ್ದರಿಂದ ಜನರ ನಂಬಿಕೆ ಬದಲಾದಂತೆ ಬೆಲೆ ಬದಲಾಗುತ್ತದೆ. ಈ ಮಾರುಕಟ್ಟೆಗೆ ರಜೆಯೂ ಇಲ್ಲ. ಷೇರಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 252 ದಿನ, ಇಲ್ಲಿ 365 ದಿನ, ಹಗಲೂ ರಾತ್ರಿ. ಬೇಲಿ ಕಾಯುವವನು ಕಣ್ಣು ಮುಚ್ಚುವ ಹಾಗಿಲ್ಲ.

2020ರ ಮಾರ್ಚ್ 12ನ್ನೇ ನೋಡಿ. ಕೊರೋನಾದ ಭೀತಿಯಲ್ಲಿ ಬಿಟ್‌ಕಾಯಿನ್ ಒಂದೇ ದಿನದಲ್ಲಿ ತನ್ನ ಬೆಲೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡಿತು. ಚಂಚಲತೆ ವರ್ಷಕ್ಕೆ ಶೇ. 100 ಎಂದು ಧಾರಾಳವಾಗಿ ಹಿಡಿದರೂ, ಹಳೆಯ ಸೂತ್ರದ ಪ್ರಕಾರ ಅಂಥ ದಿನ ಕೋಟ್ಯಂತರ ವರ್ಷಗಳಿಗೊಮ್ಮೆ ಬರಬೇಕು. ಬಿಟ್‌ಕಾಯಿನ್ ಹುಟ್ಟಿ ಆಗ ಹನ್ನೊಂದು ವರ್ಷವಾಗಿತ್ತಷ್ಟೆ. ಸೂತ್ರದಲ್ಲಿ ಬರಬಾರದ ದಿನ ಕ್ಯಾಲೆಂಡರಿನಲ್ಲಿ ಬಂದಿತ್ತು.

ಇನ್ನೊಂದು ತೊಡಕೂ ಇದೆ. ನೆದರ್ಲೆಂಡ್ಸಿನಲ್ಲಿ 2016ರಲ್ಲಿ ಶುರುವಾದ ಡೆರಿಬಿಟ್ ಈ ಆಪ್ಷನ್‌ಗಳ ಅತಿ ದೊಡ್ಡ ಸಂತೆಯಾಗಿ ಬೆಳೆಯಿತು. 2025ರಲ್ಲಿ ಅಮೆರಿಕದ ಕಾಯಿನ್‌ಬೇಸ್ ಅದನ್ನು ಕೊಂಡಿತು. ಅಲ್ಲಿ ಬಿಟ್‌ಕಾಯಿನ್ ಆಪ್ಷನ್‌ಗಳ ಒತ್ತೆ, ಲಾಭ, ನಷ್ಟಗಳನ್ನು ಬಿಟ್‌ಕಾಯಿನ್ನಿನಲ್ಲೇ ಲೆಕ್ಕ ಹಾಕುವ ರೂಢಿ ಬೆಳೆಯಿತು. ಕುಸಿತದ ವಿಮೆ ಮಾರಿದವನು ಬಿಟ್‌ಕಾಯಿನ್ನನ್ನೇ ಒತ್ತೆಯಿಟ್ಟರೆ, ಬೆಲೆ ಬಿದ್ದಾಗ ಅವನ ಸಾಲ ಬೆಳೆಯುತ್ತದೆ, ಒತ್ತೆ ಅದೇ ಗಳಿಗೆಯಲ್ಲಿ ಕರಗುತ್ತದೆ. ಮಳೆಗೆ ಕಾಗದದ ಕೊಡೆ ಹಿಡಿದ ಹಾಗೆ.

ಹಾಗಾದರೆ ಚಂಚಲತೆ ಬದಲಾಗುವಾಗ ಬೇಲಿ ಕಟ್ಟುವುದು ಹೇಗೆ? ಬರೀ ಬಿಟ್‌ಕಾಯಿನ್ ಕೊಂಡು ಮಾರಿದರೆ ಬೆಲೆಯ ಅಪಾಯಕ್ಕೆ ಬೇಲಿಯಾಗುತ್ತದೆ, ಭಯ ಏರುವ ಅಪಾಯಕ್ಕೆ ಆಗುವುದಿಲ್ಲ. ಅದಕ್ಕೆ ಇನ್ನೊಂದು ಆಪ್ಷನ್ನನ್ನೇ ಕೊಳ್ಳಬೇಕು. ಬರ್ಲಿನ್ನಿನ ಸಂಶೋಧಕರು ಬಿಟ್‌ಕಾಯಿನ್ ಆಪ್ಷನ್‌ಗಳ ಬೇಲಿಗಳನ್ನು ಬಗೆಬಗೆಯಾಗಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದೀರ್ಘಾವಧಿಯ ಕರಾರುಗಳಲ್ಲಿ ಇಂಥ ಎರಡನೇ ಬೇಲಿ ದೊಡ್ಡ ನಷ್ಟಗಳನ್ನು ತಗ್ಗಿಸುತ್ತದೆ, ಅಲ್ಪಾವಧಿಯ ಕರಾರುಗಳಲ್ಲಿ ಅದರ ಉಪಯೋಗ ಕಡಿಮೆ ಎಂದು ಅವರು ಕಂಡರು. ಸರಿಯೇ. ಆದರೆ ನಮ್ಮ ಪ್ರಶ್ನೆ ಅಲ್ಲೇ ಶುರುವಾಗುತ್ತದೆ. ಆ ಎರಡನೇ ಆಪ್ಷನ್ನನ್ನು ಯಾರೋ ಮಾರಬೇಕಲ್ಲ? ಅವನು ತನ್ನ ಬೇಲಿಗೆ ಮೂರನೆಯವನ ಬಳಿ ಹೋಗಬೇಕು. ಅಪಾಯ ಇಲ್ಲವಾಗುವುದಿಲ್ಲ, ಕೈ ಬದಲಾಯಿಸುತ್ತದೆ. ಸಾಲಿನ ಕಟ್ಟಕಡೆಗೆ ಬೇಲಿಯೇ ಇಲ್ಲದವನೊಬ್ಬ ನಿಂತಿರುತ್ತಾನೆ. ನಮ್ಮ ತಂಗಿಯ ಮಗ ನಿಂತಿದ್ದುದು ಅಲ್ಲಿ. ಅವನ ಬಳಿ ಸೂತ್ರವಿತ್ತು, ಫೋನಿತ್ತು, ಏಳು ತಿಂಗಳ ಲಾಭದ ಧೈರ್ಯವಿತ್ತು. ಬೇಲಿ ಮಾತ್ರ ಇರಲಿಲ್ಲ.

ಅಕ್ಟೋಬರ್ 10ರಂದು, ನಮ್ಮಲ್ಲಿ ಮಧ್ಯರಾತ್ರಿ ಕಳೆದಿತ್ತು, ಚೀನಾದ ಸರಕಿನ ಮೇಲೆ ಇನ್ನೂ ಶೇ. 100ರಷ್ಟು ಸುಂಕ ಹಾಕುವುದಾಗಿ ಅಮೆರಿಕದ ಅಧ್ಯಕ್ಷ ಟ್ರಂಪ್ ಘೋಷಿಸಿದರು. 1,22,000ದ ಆಸುಪಾಸಿನಿಂದ ಇಳಿಯುತ್ತಿದ್ದ ಬಿಟ್‌ಕಾಯಿನ್ ಕೆಲವೇ ಗಂಟೆಗಳಲ್ಲಿ 1,05,000ಕ್ಕಿಂತ ಕೆಳಗೆ ಬಿತ್ತು. ಕ್ರಿಪ್ಟೋ ಮಾರುಕಟ್ಟೆಗಳಲ್ಲಿ ಸುಮಾರು 1,900 ಕೋಟಿ ಡಾಲರಿನ ಕರಾರುಗಳನ್ನು ಬಲವಂತವಾಗಿ ಮುಚ್ಚಲಾಯಿತು ಎಂದು ವರದಿಯಾಯಿತು. ಒತ್ತೆ ಸಾಲದಾದಾಗ ಯಂತ್ರವೇ ಲೆಕ್ಕ ಮುಗಿಸಿಬಿಡುತ್ತದೆ, ಯಾರನ್ನೂ ಎಬ್ಬಿಸುವುದಿಲ್ಲ. ಹುಡುಗನ ಲೆಕ್ಕವೂ ಹಾಗೆಯೇ ಮುಗಿಯಿತು. ನೋವಿನ ವಿಷಯವೆಂದರೆ ತಿಂಗಳ ಕೊನೆಗೆ ಬಿಟ್‌ಕಾಯಿನ್ 1,05,000ಕ್ಕಿಂತ ಮೇಲೆಯೇ ಇತ್ತು. ಅವನು ಊಹಿಸಿದ್ದು ನಿಜವಾಯಿತು. ಅದು ನಿಜವಾಗುವ ದಿನದವರೆಗೆ ಅವನು ಉಳಿಯಲಿಲ್ಲ.

ಅಂದು ಇನ್ನೂ ವಿಚಿತ್ರವಾದದ್ದು ನಡೆಯಿತು. ಕೆಲವರು ಎಚ್ಚರ ವಹಿಸಿ, ಬೆಲೆ ಬಿದ್ದರೆ ಲಾಭ ತರುವ ಕರಾರನ್ನು ಬೇಲಿಯಾಗಿ ಇಟ್ಟುಕೊಂಡಿದ್ದರು. ಸೋತವರ ಒತ್ತೆ ಸಾಲದೇ ಹೋದಾಗ ಕೆಲವು ವಿನಿಮಯ ಕೇಂದ್ರಗಳು ಗೆದ್ದವರ ಇಂಥ ಕರಾರುಗಳನ್ನೇ ಬಲವಂತವಾಗಿ ಮುಚ್ಚಿದವು. ನಿಯಮಾವಳಿಯ ಯಾವುದೋ ಮೂಲೆಯಲ್ಲಿ ಅದಕ್ಕೆ ಅವಕಾಶವಿತ್ತು. ಬೇಲಿ ಕಟ್ಟಿದವರು ಬಿರುಗಾಳಿಯ ನಡುವೆ ಬೇಲಿಯಿಲ್ಲದೆ ನಿಂತರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ನಮ್ಮ ಹಿರಿಯರದು, ಅವರು ಬಿಟ್‌ಕಾಯಿನ್ ನೋಡಿರಲಿಲ್ಲ.

ಈಗ ಭಾವನವರ ಮಾತಿಗೆ ಬರೋಣ. ಇದು ಜೂಜೇ?

ಇಸ್ಲಾಮಿನ ವ್ಯಾಪಾರ ಶಾಸ್ತ್ರದಲ್ಲಿ ಗರರ್ ಎಂಬ ಮಾತಿದೆ. ಏನು ಸಿಗುತ್ತದೆ, ಸಿಗುತ್ತದೋ ಇಲ್ಲವೋ ಎಂದು ತಿಳಿಯದ ವ್ಯಾಪಾರ. ಹಣ್ಣು ಪಕ್ವವಾಗುವ ಲಕ್ಷಣ ತೋರುವ ಮುನ್ನ ಫಸಲು ಮಾರುವುದನ್ನು ಪ್ರವಾದಿಯವರು ತಡೆದರೆಂದು ಹದೀಸ್ ಇದೆ. ನಮ್ಮ ಅಬ್ಬಾ ಮಾಡುತ್ತಿದ್ದುದು ಇದಕ್ಕೆ ವಿರುದ್ಧವೇ, ಅದು ಅವರ ಮನಸ್ಸನ್ನು ಕೊರೆಯುತ್ತಲೂ ಇತ್ತು. ಅದಕ್ಕೇ ಅವರು ಹೂವಿನಲ್ಲಿ ಸಂಚಕಾರ ಮಾತ್ರ ಕೊಟ್ಟು, ಪೂರ್ತಿ ಬೆಲೆಯ ಮಾತನ್ನು ಕಾಯಿ ನಿಂತ ಮೇಲೆ ಆಡುತ್ತಿದ್ದರು. ಜಿದ್ದಾದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1992ರಲ್ಲಿ ಆಪ್ಷನ್ ಕರಾರುಗಳನ್ನು ಒಪ್ಪಲಿಲ್ಲ. ಅಲ್ಲಿ ಮಾರುವುದು ಹಣವೂ ಅಲ್ಲ, ವಸ್ತುವಿನ ಬಳಕೆಯೂ ಅಲ್ಲ, ಬಿಟ್ಟುಕೊಡಬಹುದಾದ ಆರ್ಥಿಕ ಹಕ್ಕೂ ಅಲ್ಲ ಎಂಬುದು ಅದರ ವಾದ. ಮೊಹಮ್ಮದ್ ಹಾಶಿಮ್ ಕಮಾಲಿಯಂಥ ವಿದ್ವಾಂಸರು ಇದನ್ನು ಒಪ್ಪದೆ, ನಷ್ಟ ತಪ್ಪಿಸಿಕೊಳ್ಳುವ ಸಾಧನವಾಗಿ ಆಪ್ಷನ್‌ಗೆ ಜಾಗವಿದೆ ಎಂದು ವಾದಿಸಿದ್ದಾರೆ. ಫತ್ವಾ ಕೊಡುವ ಯೋಗ್ಯತೆ ನಮಗಿಲ್ಲ. ಆದರೆ ಉರ್ದು ಓದಿದ ನಮಗೆ ಒಂದು ಸಂಗತಿ ಕಾಣುತ್ತದೆ. ಗರರ್ ಮತ್ತು ಗುರೂರ್ ಒಂದೇ ಅರಬಿ ಧಾತುವಿನ ಮಾತುಗಳು. ಗುರೂರ್ ಎಂದರೆ ಅರಬಿಯಲ್ಲಿ ಭ್ರಮೆ, ಉರ್ದುವಿನಲ್ಲಿ ಅಹಂಕಾರ. ತಿಳಿಯದ್ದು ಇರುವುದೇ ದೋಷವಲ್ಲ. ತಿಳಿಯದ್ದನ್ನು ತಿಳಿದಿದೆ ಎಂದುಕೊಳ್ಳುವುದು ದೋಷ. ಶೋಲ್ಸ್ ಮತ್ತು ಮರ್ಟನ್‌ಗೆ 1997ರಲ್ಲಿ ನೊಬೆಲ್ ಬಂತು. ಅವರಿಬ್ಬರೂ ಪಾಲುದಾರರಾಗಿದ್ದ ನಿಧಿ 1998ರಲ್ಲಿ ಮುಳುಗಿತು, 14 ಬ್ಯಾಂಕುಗಳು ಸೇರಿ 360 ಕೋಟಿ ಡಾಲರ್ ಹಾಕಿ ಅದನ್ನು ಮೇಲೆತ್ತಬೇಕಾಯಿತು. ದೋಷ ಗಣಿತದ್ದಲ್ಲ, ಗುರೂರಿನದು.

ಇನ್ನೊಂದು ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಬಿಟ್‌ಕಾಯಿನ್ ಗಣಿಗಾರಿಕೆ ಮಾಡುವವರಿದ್ದಾರೆ. 2024ರ ಏಪ್ರಿಲಿನಿಂದ ಒಂದು ಬ್ಲಾಕಿಗೆ ಅವರಿಗೆ ಹೊಸದಾಗಿ ಸಿಗುವುದು 3.125 ಬಿಟ್‌ಕಾಯಿನ್. ಕರೆಂಟ್ ಬಿಲ್ಲು ಡಾಲರಿನಲ್ಲಿ, ಗಳಿಕೆ ಬಿಟ್‌ಕಾಯಿನ್ನಿನಲ್ಲಿ. ಬೆಲೆ ಬಿದ್ದರೆ ಅಂಗಡಿ ಮುಚ್ಚಬೇಕು. ಅಂಥವರು ಸಂಚಕಾರ ಕೊಟ್ಟು ಕುಸಿತದ ವಿಮೆ ಕೊಂಡರೆ ಅದನ್ನು ಜೂಜು ಎನ್ನಲಾಗದು, ಅವರಿಗೊಂದು ತೋಪಿದೆ. ಅವರ ಅಪಾಯವನ್ನು ಹೊರಲು ಯಾರಾದರೂ ಬೇಕು, ಹೊತ್ತವನಿಗೆ ಕೂಲಿಯೂ ಬೇಕು. ಸಟ್ಟಾದವನಿಲ್ಲದೆ ರೈತನಿಗೂ ವಿಮೆಯಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ತೋಪಿನವರು ಎಷ್ಟು ಜನ, ತೋಪಿಲ್ಲದವರು ಎಷ್ಟು ಜನ? ನಮ್ಮ ದೇಶದ ಷೇರು ಮಾರುಕಟ್ಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಬಗ್ಗೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಾಪಾರಿಗಳಲ್ಲಿ ಶೇ. 93 ಮಂದಿ ನಷ್ಟ ಕಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಲಾಭದ ಬಹುಪಾಲು ಹೋದದ್ದು ಕಂಪ್ಯೂಟರಿನಿಂದ ವ್ಯಾಪಾರ ಮಾಡುವ ದೊಡ್ಡ ಸಂಸ್ಥೆಗಳಿಗೆ. ಷೇರಿನ ಕಥೆ ಇದು, ಆದರೆ ಕ್ರಿಪ್ಟೋದ ಕಡೆಗೆ ಹೋಗುವವರೂ ಇದೇ ಮನೆಗಳ ಮಕ್ಕಳು.

ನಮ್ಮ ಅಬ್ಬಾನ ಕಾಲದ ಒಂದು ವರ್ಷ ನಮಗೆ ಚೆನ್ನಾಗಿ ನೆನಪಿದೆ. ಏಪ್ರಿಲಿನ ಒಂದು ಸಂಜೆ ಆಲಿಕಲ್ಲು ಬಿತ್ತು. ಬೆಳಿಗ್ಗೆ ಅಬ್ಬಾನ ಜೊತೆ ತೋಪಿಗೆ ಹೋದೆವು. ಕಾಲಿಡಲು ಜಾಗವಿಲ್ಲದಷ್ಟು ಕಾಯಿ ಉದುರಿತ್ತು. ಕೊಡಬೇಕಾದ ಬಾಕಿ ಇನ್ನೂ ಅರ್ಧವಿತ್ತು. ತೋಪಿನ ಯಜಮಾನರು ಬಂದರು, ಉದುರಿದ ಕಾಯಿಗಳನ್ನು ಕಾಲಿನಿಂದ ಸರಿಸಿ ನೋಡಿದರು. "ಬಾಕಿ ಬೇಡ ಸಾಬರೆ, ಮುಂದಿನ ವರ್ಷ ನೋಡೋಣ" ಎಂದರು. ಅಬ್ಬಾ ಏನೂ ಹೇಳಲಿಲ್ಲ. ಎರಡು ವರ್ಷ ಕಳೆದು ಫಸಲು ಮುರಿದು ಬಿದ್ದಾಗ ಕರಾರಿಗಿಂತ ಹೆಚ್ಚು ಹಣ ಎಣಿಸಿಕೊಟ್ಟು ಬಂದರು.

ಇದಕ್ಕೆ ಶಾಸ್ತ್ರದಲ್ಲಿ ಹೆಸರಿದೆ ಎಂದು ನಮಗೆ ತಿಳಿದದ್ದು ಈಚೆಗೆ. ಮಾರಿದ ಹಣ್ಣಿಗೆ ಆಕಾಶದ ವಿಪತ್ತು ಬಡಿದರೆ ಮಾರಿದವನು ಬೆಲೆ ಬಿಡಬೇಕೆಂಬ ಪ್ರವಾದಿಯವರ ಮಾತಿನ ಮೇಲೆ ನಿಂತ ನಿಯಮ ಅದು. ಅಂಥ ವಿಪತ್ತುಗಳಿಗೆ ಜವಾಇಹ್ ಎನ್ನುತ್ತಾರೆ. ಇಮಾಮ್ ಮಾಲಿಕ್ ಅದಕ್ಕೊಂದು ಗೆರೆ ಎಳೆದರು: ಫಸಲಿನ ಮೂರನೇ ಒಂದು ಪಾಲು. ಅದಕ್ಕಿಂತ ಕಡಿಮೆ ಹಾಳಾದರೆ ಅದು ಮಾಮೂಲು ಏರಿಳಿತ, ಕೊಂಡವನ ಪಾಲಿಗೆ. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಹಾಳಾದರೆ ವಿಪತ್ತು, ಬೆಲೆ ಇಳಿಯಬೇಕು. ಹನಫಿಗಳು ಇದನ್ನು ಕಾಯಿದೆ ಎನ್ನದೆ ಔದಾರ್ಯ ಎಂದರು. ಕಾಯಿದೆಯಾಗಲಿ ಔದಾರ್ಯವಾಗಲಿ, ಅದರ ತಿಳಿವಳಿಕೆ ಆಳವಾದದ್ದು. ಗಾಳಿ ಬೇರೆ, ಬಿರುಗಾಳಿ ಬೇರೆ. ಮರ್ಟನ್ 1976ರಲ್ಲಿ ಓಲಾಟವನ್ನೂ ನೆಗೆತವನ್ನೂ ಬೇರೆ ಮಾಡಿದರಲ್ಲ, ಮದೀನಾದ ಇಮಾಮರು ಅದನ್ನೇ ಖರ್ಜೂರದ ತೋಟದಲ್ಲಿ ಮಾಡಿದ್ದರು. ಒಂದು ವ್ಯತ್ಯಾಸ. ಮರ್ಟನ್ ನೆಗೆತಕ್ಕೆ ಬೆಲೆ ಹುಡುಕಿದರು. ಇಮಾಮರು ನೆಗೆತದ ದಿನ ಭಾರ ಯಾರು ಹೊರಬೇಕು ಎಂದು ಮೊದಲೇ ಹೇಳಿಟ್ಟರು.

ಎರಡೂ ಬೇಕು ಎಂದು ನಮಗನ್ನಿಸುತ್ತದೆ. ಬೆಲೆ ಕಟ್ಟುವ ಗಣಿತ ಅಧರ್ಮವಲ್ಲ. ಎಷ್ಟು ಖರ್ಚಾಗುತ್ತದೆಂದು ಲೆಕ್ಕ ಹಾಕದೆ ಮಾತು ಕೊಡುವುದೇ ಹೆಚ್ಚು ಬೇಜವಾಬ್ದಾರಿ. ಆದರೆ ಚಂಚಲತೆಯೇ ಚಂಚಲವಾದಾಗ ಪ್ರತಿ ಬೆಲೆಯೂ ಒಂದು ಊಹೆ, ಪ್ರತಿ ಊಹೆಗೂ ಅದು ಸುಳ್ಳಾಗುವ ಒಂದು ದಿನವಿದೆ. ಪ್ರಾಮಾಣಿಕವಾದ ಕರಾರು ಆ ದಿನದ ಬಗ್ಗೆ ಮೊದಲೇ, ದೊಡ್ಡ ಅಕ್ಷರದಲ್ಲಿ ಮಾತಾಡಿರುತ್ತದೆ. ಲೆಕ್ಕ ಕೆಟ್ಟರೆ ಯಾರು ಹೊರುತ್ತಾರೆ, ಎಷ್ಟು ಹೊರುತ್ತಾರೆ, ಹೊರುವವನಿಗೆ ಅದು ಗೊತ್ತಿದೆಯೇ? ಅಕ್ಟೋಬರಿನ ಆ ರಾತ್ರಿ ಉತ್ತರವನ್ನು ಯಂತ್ರ ಕೊಟ್ಟಿತು, ಮಲಗಿದ್ದವರಿಗೆ.

ಹುಡುಗನಿಗೆ ನಾವು ಹೇಳಿದ್ದು ಇಷ್ಟು. ನಿನ್ನ ಅಪ್ಪ ಹೇಳಿದಂತೆ ನೀನು ಜೂಜಾಡಿದೆಯೋ ಇಲ್ಲವೋ ನಮಗೆ ತಿಳಿಯದು. ಆದರೆ ಯಾರಿಗೋ ಒಂದು ಮಾತು ಮಾರಿದೆ. ಬಿಟ್‌ಕಾಯಿನ್ 70,000ಕ್ಕೆ ಬಿದ್ದು ಅಲ್ಲೇ ನಿಂತಿದ್ದರೆ ಆ ಮಾತನ್ನು ಉಳಿಸಿಕೊಳ್ಳುವ ಶಕ್ತಿ ನಿನಗಿತ್ತೇ?

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಇರಲಿಲ್ಲ ಮಾಮಾ" ಎಂದ. "ಅದನ್ನು ಯೋಚಿಸಿಯೇ ಇರಲಿಲ್ಲ. ಸಂಚಕಾರ ಎಷ್ಟು ಬರುತ್ತೆ ಅಂತ ಮಾತ್ರ ನೋಡ್ತಿದ್ದೆ."

ಈಗ ಅವನು ಪ್ರತಿ ತಿಂಗಳೂ ಸಂಬಳದಲ್ಲಿ ಹದಿನೈದು ಸಾವಿರ ಅಪ್ಪನಿಗೆ ಕೊಡುತ್ತಿದ್ದಾನೆ. ಮೂರೂವರೆ ಲಕ್ಷ ತೀರಲು ಸುಮಾರು ಎರಡು ವರ್ಷ ಬೇಕು. ಭಾವ ಮೊದಲ ತಿಂಗಳು ಬೇಡವೆಂದರಂತೆ. ಅವನು ಕೇಳದೆ ಮೇಜಿನ ಮೇಲಿಟ್ಟು ಬಂದನಂತೆ.